ಬುತ್ತಿಯ ಗಂಟು

ಮುಂಗಾರು ಹಿಡಿದು ಕಾಲೇಜುಗಳ ಬಾಗಿಲು ತೆರೆಯುವ ದಿನಗಳಲ್ಲಿ ಧಾರವಾಡದ ಬಸ್ ನಿಲ್ದಾಣವನ್ನು ಬೆಳಗಿನ ಹೊತ್ತು ನೋಡಬೇಕು. ಸುತ್ತಲಿನ ಹಳ್ಳಿಗಳಿಂದ ಬರುವ ಮೊದಲ ಬಸ್ಸುಗಳಲ್ಲಿ ಮನುಷ್ಯರೊಡನೆ ಬುತ್ತಿಯ ಗಂಟುಗಳೂ ಪ್ರಯಾಣ ಮಾಡುತ್ತವೆ. ಅವುಗಳಿಗೆ ಆಸನವಿಲ್ಲ, ಚಾಲಕನ ಮಗ್ಗುಲಲ್ಲಿ ಒಂದರ ಮೇಲೊಂದು ಕುಳಿತು ಬರುತ್ತವೆ. ಪಟ್ಟಣದಲ್ಲಿ ಖೋಲಿ ಹಿಡಿದು ಓದುವ ಹುಡುಗರು ತಮ್ಮ ತಮ್ಮ ಊರಿನ ಬಸ್ಸಿಗಾಗಿ ಕಾದು ನಿಂತಿರುತ್ತಾರೆ. ಗಂಟು ಬಿಚ್ಚಿದರೆ ನಾಲ್ಕೈದು ಜೋಳದ ರೊಟ್ಟಿ, ಹೆಸರುಕಾಳಿನದೋ ಮಡಕೆಕಾಳಿನದೋ ಪಲ್ಯ, ಶೇಂಗಾ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ, ಸಣ್ಣ ಡಬ್ಬಿಯಲ್ಲಿ ಮೊಸರು.

ನಾನೂ ಆ ಗುಂಪಿನಲ್ಲಿ ನಿಂತವನೇ. ನಿಂತವನು ಎಂಬುದಕ್ಕಿಂತ ನಿಲ್ಲಲು ನಾಚಿದವನು ಎಂದರೆ ಹೆಚ್ಚು ಸತ್ಯವಾದೀತು. ಮೊದಲ ವರ್ಷದ ವಿದ್ಯಾರ್ಥಿಗೆ ತನ್ನ ಊರಿನ ಮಾತು, ಅಂಗಿ, ಬುತ್ತಿ ಈ ಮೂರೂ ಏಕಕಾಲಕ್ಕೆ ಒರಟಾಗಿ ತೋರತೊಡಗುತ್ತವೆ. ಚಹದ ಅಂಗಡಿಯ ಮಿರ್ಚಿಭಜಿ ನನಗೆ ಆಗ ನಾಗರಿಕತೆಯ ಲಕ್ಷಣವಾಗಿ ಕಂಡಿತ್ತು. ಈಗಿನವರಿಗೆ ಗೋಬಿ ಮಂಚೂರಿ. ಮೋಹ ಮಾತ್ರ ಅದೇ.

ಕೆಲವು ವರ್ಷಗಳ ಹಿಂದಿನ ಮಾತು. ಮೊದಲ ವರ್ಷದ ತರಗತಿಯಲ್ಲಿ ವಾರಾನ್ನದ ವಿಷಯ ಬಂದಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ದಿನ ಏಳು ಮನೆಗಳಲ್ಲಿ ಉಂಡು ಓದಿದ ಹಿಂದಿನ ತಲೆಮಾರಿನವರ ಕಷ್ಟವನ್ನು ನಾನು ಸಾಕಷ್ಟು ರಸವತ್ತಾಗಿಯೇ ವರ್ಣಿಸುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ತೂಕಡಿಸುತ್ತಿದ್ದ. ಅದು ಮೊದಲನೆಯ ದಿನವೂ ಅಲ್ಲ. ನನಗೆ ಸಿಟ್ಟು ಬಂತು.

“ಯಾಕಪ್ಪಾ, ರಾತ್ರಿಯೆಲ್ಲಾ ಹೊಲಕ್ಕ ನೀರು ಹಾಯಿಸೀ ಏನು?” ಎಂದೆ. ತರಗತಿ ನಕ್ಕಿತು. ಅವನೂ ನಗಲು ಯತ್ನಿಸಿದ.

ತಾಸು ಮುಗಿದ ಮೇಲೆ ಹೊರಗೆ ಕರೆದು ವಿಚಾರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, “ನಿನ್ನೆ ಮಧ್ಯಾಹ್ನ ಉಂಡಿದ್ದೆ ರೀ ಸರ್” ಎಂದ. ಅವನ ತಾಯಿ ನಸುಕಿನ ನಾಲ್ಕು ಗಂಟೆಗೆ ಎದ್ದು ರೊಟ್ಟಿ ಬಡಿದು, ಬುತ್ತಿಯನ್ನು ಬಸ್ಸಿಗೆ ಮುಟ್ಟಿಸಿ, ಆಮೇಲೆ ಕೂಲಿಗೆ ಹೋಗುತ್ತಿದ್ದಳು. ಅವಳಿಗೆ ನಿದ್ದೆಯಾದರೂ ಸಿಗಲೆಂದು ಇವನು, ಇಲ್ಲಿಯೇ ಊಟದ ಅನುಕೂಲವಾಗಿದೆ, ಬುತ್ತಿ ಬೇಡ ಎಂದು ಸುಳ್ಳು ಹೇಳಿದ್ದ. ಖಾನಾವಳಿಯಲ್ಲಿ ದಿನಕ್ಕೊಂದೇ ಊಟ. ಉಳಿದ ಹೊತ್ತು ಚಹ. ಏಳು ಮನೆಗಳ ಹಸಿವೆಯನ್ನು ಬಣ್ಣಿಸುತ್ತಿದ್ದ ನನ್ನ ಕಣ್ಣಿಗೆ ಎದುರಿನ ಹಸಿವೆ ಕಂಡಿರಲಿಲ್ಲ.

ತೂಕಡಿಕೆ ಸೋಮಾರಿತನವಾಗಿರಲಿಲ್ಲ. ನಮ್ಮ ಶರೀರ ಖರ್ಚುಮಾಡುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಮೆದುಳೊಂದೇ ಬಳಸುತ್ತದೆ. ಇಡೀ ಒಂದು ದಿನ ಬರಿಯ ಚಹದ ಮೇಲಿರುವವನಿಗೆ ವ್ಯಾಕರಣ ಹತ್ತುವುದಾದರೂ ಹೇಗೆ? ಅಷ್ಟಲ್ಲದೆ ಹಸಿವೆಯನ್ನು ಅಡಗಿಸುವ ಆ ಚಹ, ಊಟದೊಡನೆ ಕುಡಿದರೆ, ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59, ಹುಡುಗರಲ್ಲಿ 31 ಮಂದಿಗೆ ರಕ್ತಹೀನತೆ ಕಂಡುಬಂದಿತು. ನಮ್ಮ ಬೆಂಚುಗಳಲ್ಲಿ ಕುಳಿತಿರುವುದು ಈ ವಯಸ್ಸೇ.

ಇನ್ನು ನಾವು ನಾಚಿಕೊಂಡ ಬುತ್ತಿಯ ಕಡೆ ನೋಡೋಣ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣವಿದೆ; ಪಾಲಿಶ್ ಮಾಡಿದ ಬಿಳಿಯ ಅಕ್ಕಿಯಲ್ಲಿ ನಾರು 3 ಗ್ರಾಂ, ಕಬ್ಬಿಣ ಒಂದು ಮಿಲಿಗ್ರಾಮಿಗೂ ಕಡಿಮೆ. ಶೇಂಗಾದ ತೂಕದಲ್ಲಿ ಕಾಲುಪಾಲಿನಷ್ಟು ಪ್ರೋಟೀನು. ಕಾಳಿನ ಪಲ್ಯಕ್ಕೆ ಅರ್ಧ ನಿಂಬೆಹಣ್ಣು ಹಿಂಡಿದರೆ ಅದರ ಕಬ್ಬಿಣ ಇನ್ನಷ್ಟು ಚೆನ್ನಾಗಿ ಮೈಗೆ ಸೇರುತ್ತದೆ. ಯಾವ ಪುಸ್ತಕವನ್ನೂ ಓದದ ತಾಯಂದಿರು ಕಟ್ಟಿದ ಗಂಟು ಅದು. ಹಸಿ ಮೆಂತ್ಯದ ಸೊಪ್ಪನ್ನೂ ಅದರಲ್ಲಿ ಇಟ್ಟಿರುತ್ತಾರೆ. ಹುಡುಗರು ಅದನ್ನು ಮೊದಲು ಎಸೆಯುತ್ತಾರೆಂಬುದು ಬೇರೆ ಮಾತು.

ಆ ಹುಡುಗನಿಗೆ ಹಣ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಅವನ ಸುಳ್ಳನ್ನು ಮನೆಗೆ ತಿಳಿಸುವುದಿಲ್ಲವೆಂದು ಮಾತು ಪಡೆದುಕೊಂಡ. ಆದರೆ ದೀಪಾವಳಿಗೆ ಊರಿಗೆ ಹೋದಾಗ ಅವನ ಮುಖವೇ ಎಲ್ಲವನ್ನೂ ಹೇಳಿಬಿಟ್ಟಿತಂತೆ. ಉಪಾಯ ಹುಡುಕಿದವಳು ತಾಯಿಯೇ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡದೆ ಇರುತ್ತದೆ. ಕೂಲಿ ಇಲ್ಲದ ದಿನ ಒಮ್ಮೆಲೇ ಬಡಿದು ಒಣಗಿಸಿ ಕಳಿಸಿದರೆ ಇವಳ ನಿದ್ದೆಯೂ ಕೆಡದು, ಅವನ ಹೊಟ್ಟೆಯೂ ತುಂಬೀತು. ಕಾಳನ್ನು ಅವನು ಖೋಲಿಯಲ್ಲಿ ರಾತ್ರಿ ನೆನೆಯಿಟ್ಟು ಬೆಳಿಗ್ಗೆ ತಾನೇ ಕುದಿಸಿಕೊಳ್ಳತೊಡಗಿದ.

ರಜೆ ಮುಗಿದ ವಾರ ಅವನು ಅಧ್ಯಾಪಕರ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ವೃತ್ತಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ: ನಾಲ್ಕು ಖಡಕ್ ರೊಟ್ಟಿ, ಗುರೆಳ್ಳು ಪುಡಿ.

“ಅವ್ವ ಕೊಟ್ಟಾಳ್ರೀ ಸರ್. ನಿಮಗ ಅಂತ.”

ಜವಾನ ಚಹ ತಂದಿಟ್ಟಿದ್ದ. ಅದನ್ನು ಅತ್ತ ಸರಿಸಿ ಒಂದು ರೊಟ್ಟಿ ಮುರಿದೆ. ಅದರ ಸಪ್ಪಳಕ್ಕೆ ಪಕ್ಕದ ಇತಿಹಾಸದ ಅಧ್ಯಾಪಕರು ತಲೆ ಎತ್ತಿ ನೋಡಿದರು. ಅವರಿಗೂ ಅರ್ಧ ಕೊಟ್ಟೆ.