ಹಲ್ಲಿನ ಸೆಟ್ಟಿಗೆ ಭತ್ತದ ಹೊಟ್ಟಿನ ಬಲ

ಮುರಗೋಡ ಸುತ್ತಲಿನ ಹಳ್ಳಿಗಳಿಂದ ನಮ್ಮಲ್ಲಿಗೆ ಬರುವ ಹಿರಿಯರಲ್ಲಿ ಅನೇಕರು ಅಜೀರ್ಣ, ಮಲಬದ್ಧತೆ, ನಿಶ್ಶಕ್ತಿಗಳಿಗೆ ಔಷಧ ಬೇಡುತ್ತಾರೆ. ವಿಚಾರಿಸಿದರೆ, ಕೆಲವರ ವ್ಯಾಧಿಯ ಮೂಲ ಹೊಟ್ಟೆಯಲ್ಲಿಲ್ಲ, ಬಾಯಿಯಲ್ಲಿರುತ್ತದೆ. ಹಲ್ಲಿನ ಸೆಟ್ಟು ಒಡೆದಿರುತ್ತದೆ. ರೊಟ್ಟಿ, ಕಾಳು, ಸೊಪ್ಪುಗಳನ್ನು ತೊರೆದು ಗಂಜಿಯಲ್ಲೇ ದಿನ ಕಳೆಯುತ್ತಿರುತ್ತಾರೆ.

ಸೆಟ್ಟಿನ ಗುಲಾಬಿ ಬಣ್ಣದ ತಳಭಾಗವು ಅಕ್ರಿಲಿಕ್ ಎಂಬ ಕೃತಕ ರಾಳದ್ದು. 1937ರ ಸುಮಾರಿಗೆ ಬಳಕೆಗೆ ಬಂದ ಈ ವಸ್ತು ಹಗುರ, ನೋಡಲು ಒಸಡಿನಂತೆಯೇ ಇರುತ್ತದೆ, ದುರಸ್ತಿಯೂ ಸುಲಭ. ಆದರೆ ಪೆಡಸು; ಕೈಜಾರಿ ಬಿದ್ದರೆ ಒಡೆಯುತ್ತದೆ. ಹಲ್ಲು ಹೋದ ಮೇಲೆ ದವಡೆಯ ಎಲುಬು ವರ್ಷ ಕಳೆದಂತೆ ಸವೆಯುತ್ತದೆ. ಆಗ ಸಡಿಲವಾದ ಸೆಟ್ಟು ಪ್ರತಿ ಸಲ ಅಗಿಯುವಾಗಲೂ ತುಸು ಬಾಗಿ, ಕಡೆಗೆ ನಡುವೆ ಬಿರುಕು ಬಿಡುತ್ತದೆ.

ಈ ದೌರ್ಬಲ್ಯವನ್ನು ನೀಗಲು ಸಂಶೋಧಕರು ನೈಸರ್ಗಿಕ ದ್ರವ್ಯಗಳನ್ನು ರಾಳಕ್ಕೆ ಬೆರೆಸಿ ಪರೀಕ್ಷಿಸುತ್ತಿದ್ದಾರೆ. ಕಿತ್ತೂರು, ಖಾನಾಪುರ ಭಾಗದಲ್ಲಿ ಬೆಳೆಯುವ ಭತ್ತದ ಹೊಟ್ಟು ಅವುಗಳಲ್ಲೊಂದು. ಅದರ ಬೂದಿಯ ಬಹುಪಾಲು ಸಿಲಿಕಾ. ಅದನ್ನು ಶುದ್ಧಗೊಳಿಸಿ, ಅತಿ ಸೂಕ್ಷ್ಮ ಪುಡಿಮಾಡಿ, ರಾಳವನ್ನು ಬಿಗಿಯಾಗಿ ಹಿಡಿಯಲೆಂದು ಸಿಲೇನ್ ಎಂಬ ದ್ರವ್ಯದ ಲೇಪ ಕೊಡುತ್ತಾರೆ. ಈ ಕಣಗಳು ಬಿರುಕಿನ ದಾರಿಗೆ ಅಡ್ಡ ನಿಲ್ಲುತ್ತವೆ. ತೆಂಗು, ಬಿದಿರುಗಳ ನಾರನ್ನೂ ಪರೀಕ್ಷಿಸಿದ್ದಾರೆ. ಗೋಡೆಯ ಮಣ್ಣಿಗೆ ನಮ್ಮ ಹಿರಿಯರು ಹುಲ್ಲು ಕಲಸುತ್ತಿದ್ದ ಯುಕ್ತಿಯೇ ಇದು.

ಆದರೆ ಪ್ರಮಾಣವೇ ಪ್ರಧಾನ. ಪುಡಿ ಮಿತಿಮೀರಿದರೆ ಕಣಗಳು ಗಂಟುಗಟ್ಟಿ, ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಸಂಸ್ಕರಿಸದ ನಾರು ನೀರು ಹೀರಿ ಉಬ್ಬುತ್ತದೆ. ನೈಸರ್ಗಿಕವೆಂದ ಮಾತ್ರಕ್ಕೆ ಹಿತಕರವಲ್ಲ. ಶೋಧನವಿಲ್ಲದೆ ಭಸ್ಮವಿಲ್ಲವೆಂಬುದು ಆಯುರ್ವೇದದ ನಿಯಮ. ಈ ಫಲಿತಾಂಶಗಳು ಬಹುತೇಕ ಪ್ರಯೋಗಶಾಲೆಯ ತುಣುಕುಗಳ ಮೇಲಿನವು. ವರ್ಷಗಟ್ಟಲೆ ಬಾಯಿಯಲ್ಲಿಟ್ಟು ನೋಡಿದವಲ್ಲ. ಆದ್ದರಿಂದ ಯಾರೂ ಮನೆಯಲ್ಲಿ ಬೂದಿ ಬೆರೆಸುವ ಪ್ರಯೋಗಕ್ಕೆ ಇಳಿಯಬಾರದು.

ಸದ್ಯಕ್ಕೆ ಇರುವ ಸೆಟ್ಟನ್ನು ಕಾಪಾಡಿಕೊಳ್ಳುವುದೇ ಜಾಣತನ. ನೀರು ತುಂಬಿದ ಬೋಗುಣಿಯ ಮೇಲೆ ಹಿಡಿದು ತೊಳೆಯಿರಿ, ಜಾರಿದರೂ ಒಡೆಯದು. ಕುದಿನೀರು ಬೇಡ, ಆಕಾರ ಕೆಡುತ್ತದೆ. ರಾತ್ರಿ ತೆಗೆದು ತಣ್ಣೀರಿನಲ್ಲಿಡಿ. ಒಡೆದರೆ ಚಪ್ಪಲಿಗೆ ಹಚ್ಚುವ ಅಂಟು ಹಚ್ಚಬೇಡಿ. ಹಾಗೆ ಮಾಡಿ ಒಸಡು ಹುಣ್ಣಾಗಿಸಿಕೊಂಡವರನ್ನು ನಾವು ಕಂಡಿದ್ದೇವೆ. ಎಲ್ಲ ಚೂರುಗಳನ್ನೂ ದಂತವೈದ್ಯರಿಗೆ ಒಯ್ದು ತೋರಿಸಿ. ಸಡಿಲವಾಗಿದ್ದರೆ ಒಡೆಯುವ ಮುನ್ನವೇ ಒಳಪದರ ಹಾಕಿಸಿ. ಬೆಳಗಾವಿಯ ಕೆಎಲ್‌ಇ ದಂತ ಮಹಾವಿದ್ಯಾಲಯದಲ್ಲಿ ಇದಕ್ಕೆಂದೇ ವಿಭಾಗವಿದೆ.

ಮನೆಯ ಕಿರಿಯರಲ್ಲಿ ಒಂದು ವಿನಂತಿ: ಅಜ್ಜ, ಅಮ್ಮ ರೊಟ್ಟಿ ಬಿಟ್ಟಿದ್ದರೆ ವಯಸ್ಸಾಯಿತೆಂದು ಸುಮ್ಮನಾಗದಿರಿ. ಸೆಟ್ಟು ಸರಿಯಿದೆಯೇ ಎಂದು ಮೊದಲು ಕೇಳಿ.