ಹೆಸರೊಂದು, ಅಲೆಕ್ಸಾಂಡರ್ ಇಬ್ಬರು

ಗ್ರೀಕ್ ಭಾಷೆಯಲ್ಲಿ ‘ಅಲೆಕ್ಸೊ’ ಎಂದರೆ ಕಾಯುತ್ತೇನೆ. ‘ಆಂದ್ರೋಸ್’ ಎಂದರೆ ಪುರುಷನ. ಇವೆರಡರ ಮೂಲದಿಂದ ಹುಟ್ಟಿದ ‘ಅಲೆಕ್ಸಾಂದ್ರೋಸ್’ ಎಂಬ ಹೆಸರಿಗೆ ‘ಜನರನ್ನು ಕಾಯುವವನು’ ಎಂದರ್ಥ. ಹೋಮರನ ‘ಇಲಿಯಡ್’ ಕಾವ್ಯದಲ್ಲಿ ಟ್ರಾಯ್ ನಗರದ ರಾಜಕುಮಾರ ಪ್ಯಾರಿಸನಿಗೂ ಇದೇ ಹೆಸರುಂಟು. ಪರ್ಷಿಯನ್ನರ ಬಾಯಲ್ಲಿ ಅದು ಇಸ್ಕಂದರ್ ಆಯಿತು, ನಮ್ಮಲ್ಲಿ ಸಿಕಂದರ್.

ಈ ಹೆಸರಿನ ಮ್ಯಾಸಿಡೋನಿಯದ ದೊರೆ ಕ್ರಿ.ಪೂ. 335ರಲ್ಲಿ ಥೀಬ್ಸ್ ನಗರವನ್ನು ನೆಲಸಮ ಮಾಡಿ, ಬದುಕುಳಿದವರನ್ನು ಗುಲಾಮರಾಗಿ ಮಾರಿಸಿದ.

ಸ್ಕಾಟ್ಲೆಂಡಿನ ರೈತನ ಮಗ ಅಲೆಕ್ಸಾಂಡರ್ ಫ್ಲೆಮಿಂಗ್, 1928ರಲ್ಲಿ ಲಂಡನ್ನಿನ ಪ್ರಯೋಗಶಾಲೆಯಲ್ಲಿ, ಗಾಜಿನ ತಟ್ಟೆಗೆ ಬಿದ್ದ ಬೂಷ್ಟು ಸುತ್ತಲಿನ ಬ್ಯಾಕ್ಟೀರಿಯಗಳನ್ನು ಕೊಂದದ್ದನ್ನು ಗಮನಿಸಿದರು. ಅದೇ ಪೆನಿಸಿಲಿನ್‌ಗೆ ದಾರಿಯಾಯಿತು. ಫ್ಲೋರಿ ಮತ್ತು ಚೇನ್ ಅದನ್ನು ಔಷಧವಾಗಿ ರೂಪಿಸಿದರು. 1945ರ ನೊಬೆಲ್ ಪ್ರಶಸ್ತಿ ಮೂವರಿಗೂ ಸಂದಿತು.

ಹೆಸರಿನ ಅರ್ಥ ಉಳಿಸಿದವರು ಯಾರೆಂಬುದನ್ನು ಮಕ್ಕಳೇ ಹೇಳಬಲ್ಲರು.