ಬ್ಯಾಲಾಳಿನ ತಗ್ಗಿನಲ್ಲಿ ಮಂಗಳನ ದನಿ

ಸಾತನೂರಿನಿಂದ ಕನಕಪುರ, ರಾಮನಗರ ಹಾದು ಬಿಡದಿ ದಾಟಿದರೆ ಬ್ಯಾಲಾಳು. ಸುತ್ತ ದಿಣ್ಣೆ, ನಡುವೆ ತಗ್ಗು. ಆ ತಗ್ಗಿನಲ್ಲಿ 32 ಮೀಟರ್ ಅಗಲದ ಬಿಳಿ ಆಂಟೆನಾ ಆಕಾಶಕ್ಕೆ ಮುಖವೊಡ್ಡಿ ನಿಂತಿದೆ. ಜೊತೆಗೆ 18 ಮೀಟರಿನದು ಇನ್ನೊಂದು. ದೂರದ ನೌಕೆಯ ಸಂಕೇತ ಬಲು ಕ್ಷೀಣ. ಪಟ್ಟಣದ ರೇಡಿಯೊ ಗದ್ದಲ ಅದನ್ನು ನುಂಗದಂತೆ ದಿಣ್ಣೆಗಳು ತಡೆಯುತ್ತವೆ. 2008ರಲ್ಲಿ, ಚಂದ್ರಯಾನ-1ರ ಹೊತ್ತಿಗೆ ಇಸ್ರೊ ಸಜ್ಜುಗೊಳಿಸಿದ ಕೇಂದ್ರವಿದು.

ಇಲ್ಲಿ ಕೇಳಿಸಿದ್ದು ಬೆಂಗಳೂರಿನ ಪೀಣ್ಯದಲ್ಲಿರುವ, ನೌಕೆಗಳ ಜಾಡು ಹಿಡಿಯುವ ಇಸ್ರೊ ಘಟಕವಾದ ಇಸ್ಟ್ರಾಕ್‌ನ ನಿಯಂತ್ರಣ ಕೊಠಡಿಗೆ ಹೋಗುತ್ತದೆ. ಅಲ್ಲಿ ಸಾಲು ಸಾಲು ಪರದೆ. ಒಬ್ಬರ ಕಣ್ಣು ಬ್ಯಾಟರಿಯ ಮೇಲೆ, ಇನ್ನೊಬ್ಬರದು ಇಂಧನದ ಒತ್ತಡದ ಮೇಲೆ, ಮತ್ತೊಬ್ಬರದು ನೌಕೆ ಯಾವ ಕಡೆ ಮುಖ ಮಾಡಿದೆ ಎಂಬುದರ ಮೇಲೆ. ಉಡಾವಣೆಗೆ ಮೊದಲೇ ತಾಲೀಮು ನಡೆದಿರುತ್ತದೆ. ಬೇಕೆಂದೇ ದೋಷ ತೂರಿಸಿ ತಂಡ ಹೇಗೆ ಎದುರಿಸುತ್ತದೆಂದು ನೋಡುತ್ತಾರೆ. ನಮ್ಮ ಸಾತನೂರು ಸೀಮೆಯಲ್ಲಿ ರೇಷ್ಮೆ ಹುಳು ಹಣ್ಣಾಗುವ ಮೊದಲೇ ಅದು ಗೂಡು ಕಟ್ಟುವ ಚಂದ್ರಿಕೆ ತೊಳೆದು ಒಣಗಿಸಿ ಇಡುತ್ತಾರಲ್ಲ, ಅಂಥದೇ ಮುನ್ನೆಚ್ಚರ. ಹಣ್ಣಾದ ಮೇಲೆ ಹುಡುಕಹೊರಟರೆ ಬೆಳೆ ಕೈಬಿಟ್ಟಂತೆಯೇ.

2014ರ ಸೆಪ್ಟೆಂಬರ್ 24ರ ಬೆಳಗ್ಗೆ, ಮಂಗಳನ ಕಕ್ಷೆ ಸೇರಬೇಕಿದ್ದ ಇಸ್ರೊದ ಮಂಗಳ ನೌಕೆ ಸುಮಾರು 22 ಕೋಟಿ ಕಿಲೋಮೀಟರ್ ಆಚೆಗಿತ್ತು. ಇಲ್ಲಿಂದ ಹೊರಟ ಆದೇಶ ಮುಟ್ಟಲು 12 ನಿಮಿಷಕ್ಕೂ ಹೆಚ್ಚು ಬೇಕು. ಎಡವಿದ ಗಳಿಗೆಯಲ್ಲಿ ಕೈಹಿಡಿಯುವಂತಿಲ್ಲ. ಅದಕ್ಕೇ ಆದೇಶಗಳನ್ನೆಲ್ಲ ಹಲವು ದಿನ ಮೊದಲೇ ನೌಕೆಯ ಗಣಕಕ್ಕೆ ಏರಿಸಿದ್ದರು. ಸುಮಾರು 300 ದಿನ ಸುಮ್ಮನಿದ್ದ ದೊಡ್ಡ ಎಂಜಿನ್ನನ್ನು ಎರಡು ದಿನ ಮುಂಚೆ 4 ಸೆಕೆಂಡು ಉರಿಸಿ ನೋಡಿದ್ದರು. ಕಕ್ಷೆ ಸೇರುವ ಆ ಬೆಳಗ್ಗೆ ನಮ್ಮ ದಿಗಂತದಲ್ಲಿ ಮಂಗಳ ಇನ್ನೂ ಮೂಡಿರಲಿಲ್ಲ. ಹಾಗಾಗಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ, ಅಮೆರಿಕದ ಗೋಲ್ಡ್‌ಸ್ಟೋನ್‌ಗಳ ನಾಸಾ ಆಂಟೆನಾಗಳು ಕಿವಿಗೊಟ್ಟವು. ಎಂಜಿನ್ ಹೊತ್ತಿತು. ಉರಿಯುತ್ತಿರುವಾಗಲೇ ನೌಕೆ ಮಂಗಳನ ಮರೆಗೆ ಸರಿಯಿತು, ಸಂಕೇತ ನಿಂತಿತು. ಪೀಣ್ಯದ ಕೊಠಡಿಯಲ್ಲಿ ಕಾಯುವುದೊಂದೇ ಉಳಿದದ್ದು. 8 ಗಂಟೆ ಸುಮಾರಿಗೆ ಸಂಕೇತ ಮರಳಿತು, ನೌಕೆ ಕಕ್ಷೆ ಸೇರಿತ್ತು. ಸೀರೆಯುಟ್ಟು ಹೂ ಮುಡಿದ ಹೆಣ್ಣುಮಕ್ಕಳು ನಗುತ್ತ ಸಂಭ್ರಮಿಸಿದ ಚಿತ್ರ ಲೋಕವೆಲ್ಲ ಸುತ್ತಿತು.

ಕೆಲಸ ಮಾತ್ರ ಅಂದಿಗೇ ಮುಗಿಯಲಿಲ್ಲ. ಕಕ್ಷೆಯಲ್ಲಿ ಆರು ತಿಂಗಳು ದುಡಿದರೆ ಸಾಕೆಂದು ಕಳಿಸಿದ ನೌಕೆ 2022ರ ಏಪ್ರಿಲ್‌ವರೆಗೂ ಬದುಕಿತ್ತು. ಉಡಾವಣೆಯ ಬೆಂಕಿ ನೋಡಲು ಊರೆಲ್ಲ ಟಿ.ವಿ. ಮುಂದೆ ಕೂರುತ್ತದೆ. ಆ ಬೆಂಕಿ ಆರಿದ ಮೇಲೆ ಎಂಟು ವರ್ಷಕ್ಕೂ ಹೆಚ್ಚು ಕಾಲ ಪಾಳಿಯ ಮೇಲೆ ಪಾಳಿ ಕೂತು ನೌಕೆಯನ್ನು ಕಾದವರ ಕಥೆಯನ್ನೂ ನಮ್ಮ ಶಾಲೆಯ ಮಕ್ಕಳಿಗೆ ಹೇಳಬೇಕು.